ಕಟಕಟ ಗಾಡಿ ಸುಮ್ಮನಾದ ಆಟಿ

ಮೂಡುಬಿದಿರೆಯಲ್ಲಿ ನನ್ನ ತಂಗಿಯ ಮನೆಯ ಎದುರು ಮೋಟಾರ್ ಸೈಕಲ್ ರಿಪೇರಿಯ ಒಂದು ಅಂಗಡಿ ಇದೆ. ಹೋದ ತಿಂಗಳು ಅವಳಲ್ಲಿಗೆ ಹೋಗಿದ್ದಾಗ ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದೆ. ಎದುರಿನ ಹುಡುಗ ಒಂದು ಗಾಡಿಯನ್ನು ಸ್ಟಾರ್ಟ್ ಮಾಡಿದ. ಕಟಕಟಕಟ ಎಂದು ಸದ್ದು. ನನಗೆ ಈಗ ಕಿವಿ ಅಷ್ಟಕ್ಕಷ್ಟೇ. ಒಳಗಿನಿಂದ ಎಷ್ಟು ಕರೆದರೂ ಕೇಳಿಸಿಕೊಳ್ಳುವುದಿಲ್ಲ ಎಂದು ತಂಗಿಯ ದಿನನಿತ್ಯದ ದೂರು. ಆದರೆ ಈ ಸದ್ದು ಕೇಳಿದ್ದೇ ತಡ, ನಾನು ಚಪ್ಪಲಿ ಮೆಟ್ಟಿ ರಸ್ತೆ ದಾಟಿ ಅವನ ಮುಂದೆ ನಿಂತಿದ್ದೆ.

"ಒಳಗೆ ಒಂದು ಚೈನು ಉಂಟು ಅಮ್ಮ. ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಸವೆದಿದೆ," ಎಂದ ಆತ. "ಹೊಸತು ಹಾಕ್ತೇನೆ. ಆಮೇಲೆ ಗಾಡಿ ಹೋದದ್ದೇ ಗೊತ್ತಾಗ್ಲಿಕ್ಕಿಲ್ಲ."

ನಾನು ಹೌದಾ ಎಂದಷ್ಟೇ ಹೇಳಿ ಹಿಂದೆ ಬಂದೆ. ಅವನ ಅಂಗಡಿಯಿಂದ ಸುಟ್ಟ ಎಣ್ಣೆ ಮತ್ತು ಸೀಮೆಎಣ್ಣೆ ಸೇರಿದ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಆ ವಾಸನೆಗೂ ಆ ಸದ್ದಿಗೂ ನನ್ನ ಮನಸ್ಸು ವೇಣೂರಿನ ಒಂದು ಮಳೆಗಾಲಕ್ಕೆ ಹೋಗಿ ಕುಳಿತುಬಿಟ್ಟಿತು.

ಅದು ಅರವತ್ತೊಂದೋ ಅರವತ್ತೆರಡೋ ಇರಬೇಕು. ಮಂಗಳೂರಿನಲ್ಲಿ ನರ್ಸ್ ತರಬೇತಿ ಮುಗಿಸಿದ ನಾನು ವೇಣೂರಿನಲ್ಲಿ ಸಂಜೀವ ಡಾಕ್ಟ್ರ ಔಷಧಾಲಯಕ್ಕೆ ಕೆಲಸಕ್ಕೆ ಸೇರಿದ್ದೆ. ಕಲ್ಲಡ್ಕದ ನಮ್ಮ ಮನೆಯಲ್ಲಿ ಯಾರಿಗೂ ಇದು ಇಷ್ಟವಿರಲಿಲ್ಲ. ಮದುವೆಯ ಮಾತು ನಡೆಯುತ್ತಿರುವಾಗ ಹುಡುಗಿ ಊರೂರು ತಿರುಗಿ ಹೆರಿಗೆ ಮಾಡಿಸುವುದೆಂದರೆ ಏನು ಎಂದು ನಮ್ಮ ಸೋದರಮಾವ ಮುಖ ಊದಿಸಿಕೊಂಡಿದ್ದರು. ಒಂದೇ ವರ್ಷ, ಆಮೇಲೆ ನೀವು ಹೇಳಿದ ಹಾಗೆ ಎಂದು ನಾನು ಒಪ್ಪಿಸಿ ಹೊರಟಿದ್ದೆ. ಆ ವರ್ಷ ನನ್ನ ಉಳಿದ ಆಯುಷ್ಯಕ್ಕೆಲ್ಲ ಸಾಕಾಗುವಷ್ಟನ್ನು ಕೊಟ್ಟಿತು.

ಸಂಜೀವ ಡಾಕ್ಟ್ರು ಐವತ್ತರ ಹತ್ತಿರದವರು. ಎತ್ತರದ ಆಳು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರಿಗೆ ಎರಡು ಹುಚ್ಚು. ಒಂದು ಸಂಜೆ ಹೊತ್ತು ಕೇಳುವ ಗ್ರಾಮಫೋನು. ಇನ್ನೊಂದು ಅವರ ಮೋಟಾರ್ ಸೈಕಲ್ಲು. ಅದನ್ನು ಬೊಂಬಾಯಿಯಲ್ಲಿದ್ದ ಅವರ ಭಾವ ಊರಿಗೆ ಮರಳುತ್ತಿದ್ದ ಒಬ್ಬ ಬಿಳಿಯನಿಂದ ಕೊಂಡು ಹಡಗಿನಲ್ಲಿ ಕಳಿಸಿದ್ದರಂತೆ. ಟ್ಯಾಂಕಿನ ಮೇಲಿನ ಹೆಸರು ಯಾವಾಗಲೋ ಅಳಿಸಿ ಹೋಗಿತ್ತು. ಪಕ್ಕದಲ್ಲಿ ಒಂಟಿ ಚಕ್ರದ ಒಂದು ಸೈಡ್‌ಕಾರು, ಅದರಲ್ಲಿ ಒಬ್ಬರು ಕೂರಬಹುದು. ಊರವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಹೆರಿಗೆ ಮಾಡಿಸುವ ನಾನೇ ದಿನಾ ತೊಟ್ಟಿಲಲ್ಲಿ ಕೂತು ಬರುವುದು ಅವರಿಗೆ ದೊಡ್ಡ ತಮಾಷೆ. "ಇವತ್ತು ತೊಟ್ಟಿಲಲ್ಲಿ ಶಿಶು ಅಳಲಿಲ್ಲವಾ?" ಎಂದು ಅಜ್ಜಂದಿರು ಕೇಳುತ್ತಿದ್ದರು. ಬಿಳಿ ಸೀರೆಯ ಮೇಲೆ ಕೆಸರು ಹಾರಿಸಿಕೊಂಡು, ಮಡಿಲಲ್ಲಿ ಔಷಧದ ಪೆಟ್ಟಿಗೆ ಹಿಡಿದು ಕೂತ ನನಗೆ ಉತ್ತರ ಕೊಡುವ ಪುರುಸೊತ್ತಿರುತ್ತಿರಲಿಲ್ಲ.

ಆ ಗಾಡಿಯ ಸದ್ದಿನ ಬಗ್ಗೆ ಹೇಳಲೇಬೇಕು. ತಗಡಿನ ಡಬ್ಬಿಗೆ ಹುಣಸೆ ಬೀಜ ತುಂಬಿಸಿ ಅಲ್ಲಾಡಿಸಿದ ಹಾಗೆ ಒಂದೇ ಸಮನೆ ಕಟಕಟ. ವೇಣೂರಿನಿಂದ ಗುರುವಾಯನಕೆರೆಗೆ ಹೋಗುವ ದಾರಿಯಲ್ಲಿ ಪಾದೆಕಲ್ಲು ಎಂಬಲ್ಲಿ ಒಂದು ಏರು ಸಿಗುತ್ತಿತ್ತು, ಒಂದು ಪಕ್ಕ ಬರೀ ಬಂಡೆ. ಗಾಡಿ ಅಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಸದ್ದು ಬಂಡೆಗೆ ಬಡಿದು ಸುತ್ತಿನ ಗುಡ್ಡೆಗಳಿಗೆಲ್ಲ ಕೇಳುತ್ತಿತ್ತು. ಮೊದಲು ಕೇಳಿದವರು ಗದ್ದೆಯ ಬದುವಿನಲ್ಲಿ ನಿಂತು "ಕೂ" ಎಂದು ಕೂಗುತ್ತಿದ್ದರು. ಅದನ್ನು ಕೇಳಿದ ಆಚೆ ಗುಡ್ಡೆಯವರು ತಿರುಗಿ "ಕೂ" ಎನ್ನಬೇಕು. ಕೇಳಿಯೂ ಉತ್ತರ ಕೊಡದಿರುವುದು ನಮ್ಮ ಕಡೆ ತುಂಬ ಕೆಟ್ಟದ್ದು. ಹಾಗೆ ಕೂ ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತ ನಮಗಿಂತ ಮುಂದೆ ಓಡುತ್ತಿತ್ತು. ನಾವು ತಲುಪುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಮಳೆಗೆ ಓಲೆಯ ಗೊರಬೆ ಹೊದ್ದುಕೊಂಡವರು ಕಾದು ನಿಂತಿರುತ್ತಿದ್ದರು. ಜ್ವರದ ಮಗು, ಕತ್ತಿ ತಾಗಿದ ಕೈ, ಮೈಯೆಲ್ಲ ಊದಿದ ಮುದುಕಿ, ಎಲ್ಲ ಅಲ್ಲಿಯೇ. ಡಾಕ್ಟ್ರು ಗಾಡಿಯ ಸೀಟಿನ ಮೇಲೆಯೇ ಕುಳಿತು ಮದ್ದು ಬರೆಯುತ್ತಿದ್ದರು, ನಾನು ತೊಟ್ಟಿಲಲ್ಲಿ ಕೂತೇ ಮದ್ದು ಕೊಡುತ್ತಿದ್ದೆ. ಫೋನಿಲ್ಲದ, ಬಸ್ಸು ಬಂದರೆ ಬಂತು ಹೋದರೆ ಹೋಯಿತು ಎಂಬ ಕಾಲದಲ್ಲಿ ಅಷ್ಟು ದೊಡ್ಡ ಊರಿಗೆ ಅಷ್ಟು ಅಚ್ಚುಕಟ್ಟಾದ ಏರ್ಪಾಡು ಹೇಗೆ ಹುಟ್ಟಿಕೊಂಡಿತೋ, ಯಾರೂ ಕೂತು ಮಾಡಿದ್ದಲ್ಲ.

ಪಾದೆಕಲ್ಲಿನ ಕೆಳಗೆ ಮಳೆನೀರು ಹರಿಯುವ ಒಂದು ತೋಡು. ಅದರ ಮೇಲೆ ಮರ ಅಡ್ಡ ಹಾಕಿದ ಸಂಕ. ಸಂಕ ದಾಟಿ ಗದ್ದೆಯ ಬದುವಿನಲ್ಲಿ ಸ್ವಲ್ಪ ನಡೆದರೆ ಕಜೆ ಎಂಬ ಮನೆ. ಅಲ್ಲಿ ಬಾಬು, ಅವನ ಹೆಂಡತಿ ಕಲ್ಯಾಣಿ, ಅವನ ತಾಯಿ ದೇಯಕ್ಕ. ಕಲ್ಯಾಣಿ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಎರಡು ಮಕ್ಕಳನ್ನು ಹೆತ್ತು ಎರಡನ್ನೂ ಕಳೆದುಕೊಂಡಿದ್ದಳು. ಈಗ ಮೂರನೆಯದು, ಜಡಿಮಳೆಯ ಆಟಿ ತಿಂಗಳಲ್ಲಿ ಹೆರಿಗೆ. ನಾನು ಹೊಟ್ಟೆ ಮುಟ್ಟಿ ನೋಡಿದಾಗ ಮಗು ಅಡ್ಡ ಮಲಗಿತ್ತು. ಡಾಕ್ಟ್ರೂ ನೋಡಿದರು. ಇದು ಮನೆಯಲ್ಲಿ ಆಗುವ ಹೆರಿಗೆ ಅಲ್ಲ, ನೋವು ಶುರುವಾದ ಕೂಡಲೇ ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕು ಎಂದರು. ಹೊತ್ತು ಮೀರಿದರೆ ಕಷ್ಟ ಎಂಬುದನ್ನು ಅವರು ದೇಯಕ್ಕನಿಗೆ ಹೊರಗೆ ಕರೆದು ಹೇಳಿದರು. ಮುಂಚೆಯೇ ಮಂಗಳೂರಿಗೆ ಹೋಗಿ ಇರಲು ಅವರಿಗೆ ಅಲ್ಲಿ ಯಾರೂ ಇರಲಿಲ್ಲ, ನಾಟಿಯ ಕೆಲಸವೂ ಮುಗಿದಿರಲಿಲ್ಲ.

ಹಾಗಾಗಿ ನಾವೊಂದು ಏರ್ಪಾಡು ಮಾಡಿಕೊಂಡೆವು. ಆಟಿ ತಿಂಗಳಿಡೀ ಡಾಕ್ಟ್ರು ದಿನಾ ಬೆಳಿಗ್ಗೆ ಆ ದಾರಿಯಾಗಿ ಬರುವುದು. ಏರಿನಲ್ಲಿ ಸದ್ದು ಕೇಳಿದೊಡನೆ, ನೋವಿದ್ದರೆ ಕಲ್ಯಾಣಿಯನ್ನು ಸಂಕದ ಹತ್ತಿರ ಕರೆತಂದು ನಿಲ್ಲಿಸುವುದು. ಯಾರೂ ನಿಂತಿರದಿದ್ದರೆ ನೋವಿಲ್ಲ ಎಂದು ಅರ್ಥ, ನಾವು ಮುಂದೆ ಹೋಗುವುದು.

"ನಿನ್ನನ್ನು ಈ ತೊಟ್ಟಿಲಲ್ಲಿ ಕೂರಿಸಿ ಕರಕೊಂಡು ಹೋಗ್ತೇನೆ," ಎಂದು ನಾನು ಕಲ್ಯಾಣಿಗೆ ಹೇಳಿದೆ.

"ಹಾಗಾದ್ರೆ ನೀವೆಲ್ಲಿ ಕೂರುವುದು ನರ್ಸಮ್ಮ? ಡಾಕ್ಟ್ರ ಹಿಂದೆಯಾ?" ಎಂದು ಅವಳು ಸೆರಗಿನೊಳಗೆ ನಕ್ಕಳು.

ಆಟಿ ಶುರುವಾದ ವಾರದಲ್ಲೇ ಗಾಡಿ ಒಂದು ದಿನ ಏರಿನಲ್ಲಿ ಕೆಮ್ಮಿ ನಿಂತಿತು. ಹೇಗೋ ಮತ್ತೆ ಹೊರಟಿತೇನೋ ನಿಜ. ಕಲ್ಯಾಣಿಯನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ಹೀಗೆ ನಿಂತರೆ ಏನು ಗತಿ? ಮೊದಲು ಗಾಡಿಗೆ ಮದ್ದು ಮಾಡಿಸಿ ಎಂದು ಡಾಕ್ಟ್ರ ಬೆನ್ನು ಬಿದ್ದೆ. ಮರುದಿನವೇ ಬಂಟ್ವಾಳಕ್ಕೆ ಹೊರಟೆವು.

ಬಂಟ್ವಾಳದ ಪೇಟೆಯಲ್ಲಿ ನೇತ್ರಾವತಿಯ ಬದಿಗೆ ಸಾಲ್ವದೋರನ ವರ್ಕ್‌ಶಾಪು. ಎಲ್ಲರೂ ಕರೆಯುವುದು ಸಾಲು ಪೊರ್ಬು ಎಂದು, ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ. ದೊಡ್ಡ ಹೊಟ್ಟೆ, ಇನ್ನೂ ದೊಡ್ಡ ಮಾತು. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿದವನು ತಾನು ಎಂದು ಹೇಳದೆ ಅವನು ಒಂದು ಸ್ಕ್ರೂ ಕೂಡ ಬಿಚ್ಚುತ್ತಿರಲಿಲ್ಲ. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ನಮ್ಮಿಬ್ಬರನ್ನೂ ಬಗ್ಗಿ ನೋಡಲು ಹೇಳಿದ. ಒಳಗೆ ಕೆಳಗಿನಿಂದ ಎಂಜಿನ್ನಿನ ತಲೆಯವರೆಗೆ ಒಂದು ಚೈನು. ಮೇಲಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವುದು ಅದರ ಕೆಲಸವಂತೆ. ಚೈನು ಜೋಲು ಬೀಳದ ಹಾಗೆ ಒತ್ತಿ ಹಿಡಿಯಲು ಬಿಲ್ಲಿನ ಹಾಗೆ ಬಾಗಿದ ಒಂದು ಉಕ್ಕಿನ ಪಟ್ಟಿ. ಸಾಲು ಅದನ್ನು ಬಿಲ್ಲು ಎಂದೇ ಕರೆಯುತ್ತಿದ್ದ. ಎಷ್ಟೋ ವರ್ಷ ಚೈನು ಉಜ್ಜಿ ಉಜ್ಜಿ ಬಿಲ್ಲು ನಡುವಿನಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಚೈನು ಸಡಿಲವಾಗಿ ಪೆಟ್ಟಿಗೆಯ ಗೋಡೆಗೆ ಬಡಿಯುತ್ತಿತ್ತು. ಊರಿಗೆಲ್ಲ ಕೇಳುತ್ತಿದ್ದ ಕಟಕಟ ಅದೇ.

"ಒಂದು ಹಲ್ಲು ಹಾರಿತೋ, ವಾಲ್ವು ಹೋಗಿ ಪಿಸ್ಟನಿಗೆ ಗುದ್ದುತ್ತದೆ. ಮತ್ತೆ ಈ ಎಂಜಿನು ತೂಕಕ್ಕೆ ಮಾರ್ಲಿಕ್ಕೆ ಮಾತ್ರ," ಎಂದ ಸಾಲು.

ಹೊಸ ಬಿಲ್ಲು ವಿಲಾಯತಿಯಿಂದ ಬರಬೇಕು. ಅದು ಬರುವಷ್ಟರಲ್ಲಿ ಕಲ್ಯಾಣಿಯ ಮಗು ಶಾಲೆಗೆ ಹೋದೀತು. ಇದ್ದದ್ದಕ್ಕಿಂತ ಒಳ್ಳೆಯದನ್ನು ತಾನೇ ಮಾಡುತ್ತೇನೆ ಎಂದು ಸಾಲು ಎದೆ ತಟ್ಟಿದ. ಮೊದಲು ಹಳೆಯ ಬಿಲ್ಲಿನ ಮೇಲೆ ಅಕ್ಕಿ ಮಿಲ್ಲಿನ ಬೆಲ್ಟಿನ ಚರ್ಮ ಕೂರಿಸಿ ನೋಡಿದ. ಪೇಟೆಗೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಚರ್ಮ ಬಿಸಿ ಎಣ್ಣೆಗೆ ಹಪ್ಪಳದ ಹಾಗೆ ಮುದುಡಿತ್ತು. ಬಿಲ್ಲಿಗೆ ಬೇರೆ ಉಕ್ಕೇ ಬೇಕು, ಬಾಗಿದರೂ ತಿರುಗಿ ನೆಟ್ಟಗಾಗುವಂಥದ್ದು, ಈ ಬಂಟ್ವಾಳದಲ್ಲಿ ಅದನ್ನು ಎಲ್ಲಿಂದ ತರುವುದು ಎಂದು ಅವನು ತಲೆಗೆ ಕೈ ಹೊತ್ತು ಕೂತ. ಗ್ರಾಮಫೋನಿನ ಸ್ಪ್ರಿಂಗು ಆಗಬಹುದಾ ಎಂದು ಡಾಕ್ಟ್ರು ಮೆಲ್ಲಗೆ ಕೇಳಿದರು.

ಅವರ ಹೆಂಡತಿ ಇದ್ದಾಗ ತಂದ ಗ್ರಾಮಫೋನು ಅದು. ಸಂಜೆ ಔಷಧಾಲಯ ಮುಚ್ಚಿದ ಮೇಲೆ ಅವರ ಮನೆಯಿಂದ ಹಾಡು ಕೇಳಿದರೆ ಮಾತ್ರ ಊರಿಗೆ ದಿನ ಮುಗಿದ ಹಾಗೆ. ಬೇಡ ಡಾಕ್ಟ್ರೇ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು, ಆದರೆ ಕಲ್ಯಾಣಿಯ ಹೊಟ್ಟೆಯ ಮೇಲೆ ಕೈಯಿಟ್ಟ ನೆನಪಾಗಿ ನುಂಗಿಕೊಂಡೆ. ಅವರು ಬಸ್ಸಿನಲ್ಲಿ ವೇಣೂರಿಗೆ ಹೋಗಿ ಮರುದಿನ ಗ್ರಾಮಫೋನಿನ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದರು. ಸಾಲು ಅದರ ಹೊಟ್ಟೆ ಬಗೆದು ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯನ್ನು ಹೊರಗೆಳೆದ. ಅಳತೆಗೆ ಕತ್ತರಿಸಿ, ತುದಿಯನ್ನು ಕೆಂಪಗೆ ಕಾಯಿಸಿ ತೂತು ಕೊರೆದ. ಚರ್ಮದ ಬದಲು ಲಾರಿಯ ಬ್ರೇಕಿಗೆ ಹಾಕುವ ಲೈನಿಂಗನ್ನು ಸೀಳಿ ಅದರ ಮೇಲೆ ರಿವೆಟ್ ಹೊಡೆದ. ಆ ಎರಡು ದಿನ ನಾನು ಬಂಟ್ವಾಳದ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಮ್ಮ ಮದುವೆಯ ವಿಷಯ ತೆಗೆದಾಗಲೆಲ್ಲ ಗಾಡಿ ನೋಡಿ ಬರುತ್ತೇನೆ ಎಂದು ವರ್ಕ್‌ಶಾಪಿಗೆ ಓಡುತ್ತಿದ್ದೆ.

ಮುಚ್ಚಳ ಹಾಕಿ ಸಾಲು ಕಿಕ್ ಹೊಡೆದ. ಎಂಜಿನ್ನು ಗುಂ ಎಂದಿತು. ಅಷ್ಟೇ. ಕಟಕಟವೇ ಇಲ್ಲ. ಸಾಲು ತಲೆಯ ಮೇಲಿನ ಟೋಪಿ ತೆಗೆದು ನಮಗೆ ನಾಟಕದವರ ಹಾಗೆ ವಂದಿಸಿದ. ಸವೆದ ಹಳೆಯ ಬಿಲ್ಲನ್ನು ಎಸೆಯದೆ ತನ್ನ ಡಬ್ಬಿಗೆ ಹಾಕಿಕೊಂಡ. ಮರಳಿ ಬರುವಾಗ ಮಳೆ ಬಿಟ್ಟಿತ್ತು. ತೊಟ್ಟಿಲಲ್ಲಿ ಕೂತ ನನಗೆ ಮೊದಲ ಬಾರಿಗೆ ದಾರಿಬದಿಯ ಹಕ್ಕಿಗಳ ದನಿ ಕೇಳಿತು. ಡಾಕ್ಟ್ರು ತಾವು ಕಳೆದುಕೊಂಡ ಹಾಡನ್ನು ತಾವೇ ಗುನುಗುತ್ತಿದ್ದರು. ನಾನು ಅಷ್ಟು ಸಂತೋಷಪಟ್ಟ ದಿನ ಆ ವರ್ಷದಲ್ಲಿ ಬೇರೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಹೊರಟೆವು. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ದಾರಿಯಲ್ಲಿ ಎಲ್ಲಿಯೂ ಒಬ್ಬರೂ ನಿಂತಿರಲಿಲ್ಲ. ಗಾಡಿ ಗುಣವಾದದ್ದು ನೋಡಿ ಊರಿನವರಿಗೂ ಗುಣವಾಯಿತೇನೋ ಎಂದು ಡಾಕ್ಟ್ರು ನಕ್ಕರು. ಪಾದೆಕಲ್ಲಿನ ಏರನ್ನು ಗಾಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಹತ್ತಿ ಇಳಿಯಿತು. ಸಂಕದ ಹತ್ತಿರ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದೆವು. ಯಾರೂ ಬರಲಿಲ್ಲ. ಕಜೆ ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಒಲೆ ಉರಿಯುತ್ತಿದೆ, ಎಲ್ಲ ಸರಿಯಿದೆ ಎಂದುಕೊಂಡು ಬೆಳ್ತಂಗಡಿಗೆ ಹೋದೆವು. ಅಲ್ಲಿ ಒಬ್ಬರಿಗೆ ಸೂಜಿ ಚುಚ್ಚಬೇಕಿತ್ತು, ಇನ್ನೊಬ್ಬರ ಗಾಯ ತೊಳೆಯಬೇಕಿತ್ತು.

ಮಧ್ಯಾಹ್ನ ಮರಳಿ ಬರುವಾಗ ಸಂಕದ ಮೇಲೆ ದೇಯಕ್ಕ ನಿಂತಿದ್ದರು. ರಸ್ತೆಗೆ ಬೆನ್ನು ಹಾಕಿ ಬಂಡೆಯ ಕಡೆಗೆ ತಲೆ ವಾಲಿಸಿದ್ದರು. ನಾವು ಹಿಂದೆಯೇ ಬಂದು ನಿಂತದ್ದು ಗೊತ್ತಾದಾಗ ಬೆಚ್ಚಿ ಬಿದ್ದರು.

"ಗಾಡಿ ಎಲ್ಲಿಂದ ಬಂತು?" ಎಂದರು. ಆಮೇಲೆ ನನ್ನ ಕೈ ಹಿಡಿದರು. "ಬೆಳಗಾಗುವ ಮೊದಲೇ ನೋವು ಬಂತು ನರ್ಸಮ್ಮ. ಅವಳಿಗೆ ಸೀರೆ ಉಡಿಸಿ, ಗಂಟು ಕಟ್ಟಿ, ಕಿವಿ ಕೊಟ್ಟು ಕೂತಿದ್ದೇವೆ. ಸದ್ದೇ ಇಲ್ಲ. ಗಾಡಿ ಹಾಳಾಗಿ ಬಂಟ್ವಾಳದಲ್ಲೇ ಉಂಟು ಅಂತ ಗ್ರಹಿಸಿದೆವು. ಬಾಬು ಗುಡ್ಡೆ ಹತ್ತಿ ವೇಣೂರಿಗೆ ಓಡಿದ್ದಾನೆ."

ಹಾರ್ನ್ ಕೇಳಲಿಲ್ಲವಾ ಎಂದು ಡಾಕ್ಟ್ರು ಕೇಳಿದರು. ಕೇಳಿತು, ಬಸ್ಸೆಂದುಕೊಂಡೆವು, ಆ ನೋವಿನಲ್ಲಿ ಅವಳನ್ನು ಬಸ್ಸಿಗೆ ಹತ್ತಿಸುವುದು ಹೇಗೆ ಎಂದರು ದೇಯಕ್ಕ.

ನಾನು ಸಂಕದ ಮೇಲೆ ಓಡಿದೆ. ಆ ಜಾರುವ ಮರದ ಮೇಲೆ ಹೇಗೆ ಓಡಿದೆನೋ ನನಗೇ ಗೊತ್ತಿಲ್ಲ. ಕಲ್ಯಾಣಿ ಒಳ್ಳೆಯ ಸೀರೆ ಉಟ್ಟು, ಪಕ್ಕದಲ್ಲಿ ಗಂಟು ಇಟ್ಟುಕೊಂಡು, ಬಾಗಿಲಿನ ಹತ್ತಿರ ಚಾಪೆಯ ಮೇಲೆ ಇದ್ದಳು. ಬಾಗಿಲಿಗೆ ಹತ್ತಿರವಿದ್ದರೆ ಸದ್ದು ಬೇಗ ಕೇಳೀತೆಂದು ಅವಳೇ ಅಲ್ಲಿ ಚಾಪೆ ಹಾಕಿಸಿಕೊಂಡಿದ್ದಳಂತೆ. ನನ್ನನ್ನು ನೋಡಿ, "ಬಂದಿರಾ," ಎಂದಳು. ಬೈಯಲಿಲ್ಲ. ನಾನು ಹೊಟ್ಟೆಗೆ ಕಿವಿಯಿಟ್ಟು ಕೇಳಿದೆ. ಇನ್ನೊಮ್ಮೆ ಕೇಳಿದೆ. ಮಗುವಿನ ಎದೆಬಡಿತ ಇರಲಿಲ್ಲ. ಮಂಗಳೂರಿಗೆ ಕರೆದೊಯ್ಯುವ ಹೊತ್ತು ಮೀರಿತ್ತು. ಡಾಕ್ಟ್ರು ಅಲ್ಲಿಯೇ ಕೈ ತೊಳೆದುಕೊಂಡರು. ಸಂಜೆಯ ಹೊತ್ತಿಗೆ ಕಲ್ಯಾಣಿ ಉಳಿದಳು. ಮಗು ಹೆಣ್ಣು. ತಲೆ ತುಂಬ ಕೂದಲಿತ್ತು.

ಗಂಟಿನಲ್ಲಿದ್ದ ಹಳೆಯ ಮೆತ್ತನೆಯ ಬಟ್ಟೆಯನ್ನು ತೆಗೆದು ನಾನೇ ಮಗುವಿಗೆ ಸುತ್ತಿದೆ. ವೇಣೂರಿನಿಂದ ಬರಿಗೈಯಲ್ಲಿ ಮರಳಿದ ಬಾಬು ಅದನ್ನು ಎತ್ತಿಕೊಂಡು ಮಳೆಗೆ ಇಳಿದ. ನಾವು ಹೊರಡುವಾಗ ದೇಯಕ್ಕ ತೋಡಿನವರೆಗೆ ಬಂದು, ಒಬ್ಬಳನ್ನಾದರೂ ಉಳಿಸಿ ಕೊಟ್ಟಿರಿ ಎಂದರು. ಡಾಕ್ಟ್ರು ಗಾಡಿಗೆ ಕಿಕ್ ಹೊಡೆದರು. ವೇಣೂರಿನವರೆಗೂ ಗಾಡಿ ಸದ್ದಿಲ್ಲದೆ ಓಡಿತು. ಆ ಸಂಜೆ ಅವರ ಮನೆಯಿಂದ ಹಾಡೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಡಾಕ್ಟ್ರು ಪ್ರತಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರು. ಜನ ಬಸ್ಸಿಗೆಂದು ಓಡಿ ಬಂದು, ಬಸ್ಸಲ್ಲವೆಂದು ಗೊತ್ತಾಗಿ ಹಿಂದೆ ಹೋದರು. ಬರಬೇಕಾದವರು ಬರಲಿಲ್ಲ. ಕಡೆಗೊಂದು ಬೆಳಿಗ್ಗೆ ಅವರು, ಬಂಟ್ವಾಳಕ್ಕೆ ಹೋಗುವ, ಆ ಬಿಲ್ಲನ್ನು ತೆಗೆಸಿ ಹಳೆಯದನ್ನೇ ಹಾಕಿಸುವ ಎಂದರು.

ಸಾಲು ಪೊರ್ಬು ಕತೆಯನ್ನೆಲ್ಲ ಕೇಳಿದ. ಕೇಳುತ್ತಾ ಕೇಳುತ್ತಾ ಅವನ ದೊಡ್ಡ ಮಾತು ಸಣ್ಣದಾಯಿತು. ಶಿಲುಬೆಯ ಗುರುತು ಮಾಡಿಕೊಂಡ. ಆದರೆ ಬಿಲ್ಲು ತೆಗೆಯಲು ಒಪ್ಪಲಿಲ್ಲ.

"ಅದು ಆಗ್ಲಿಕ್ಕಿಲ್ಲ ಡಾಕ್ಟ್ರೇ. ಹಾಳಾದದ್ದನ್ನು ಸರಿ ಮಾಡ್ತೇನೆ. ಸರಿ ಇದ್ದದ್ದನ್ನು ಹಾಳು ಮಾಡ್ಲಿಕ್ಕೆ ನನ್ನ ಕೈಗೆ ಬರುವುದಿಲ್ಲ. ನಾಳೆ ಇನ್ನೊಬ್ಬಳನ್ನು ಕೂರಿಸಿಕೊಂಡು ಹೋಗುವಾಗ ಚೈನು ಹಾರಿದ್ರೆ?"

ಡಾಕ್ಟ್ರಿಗೆ ಸಿಟ್ಟು ಬಂತು. ಗಾಡಿ ನನ್ನದು ಎಂದರು. ಕೆಲಸ ನನ್ನದು ಎಂದ ಸಾಲು. ಇಬ್ಬರು ದೊಡ್ಡ ಗಂಡಸರು ಒಂದು ಸವೆದ ತಗಡಿನ ತುಂಡಿಗಾಗಿ ಮುಖ ತಿರುಗಿಸಿ ನಿಂತರು. ನನಗೆ ಒಳಗಿನ ದುಃಖವೆಲ್ಲ ಸಿಟ್ಟಾಗಿ ಹೊರಗೆ ಬಂತು.

"ಸದ್ದು ಎಂಜಿನ್ನಿನ ಒಳಗಿಂದಲೇ ಬರಬೇಕು ಅಂತ ಉಂಟಾ ಪೊರ್ಬುಗಳೇ?" ಎಂದೆ. "ಹೊರಗಿಂದ ಬಂದ್ರೆ ಆಗುವುದಿಲ್ಲವಾ?"

ಸಾಲು ನನ್ನನ್ನು ನೋಡಿದ. ತೊಟ್ಟಿಲಿನ ಒಂಟಿ ಚಕ್ರವನ್ನು ನೋಡಿದ. ಆಮೇಲೆ ಡಬ್ಬಿಯಲ್ಲಿ ಕೈ ಹಾಕಿ ಸವೆದ ಬಿಲ್ಲನ್ನು ಹುಡುಕಿ ತೆಗೆದ. ಅದರ ಒಂದು ತುದಿಯನ್ನು ತೊಟ್ಟಿಲಿನ ಅಡಿಗೆ ಬಿಗಿದು, ಇನ್ನೊಂದು ತುದಿ ಚಕ್ರದ ಕಡ್ಡಿಗಳಿಗೆ ತಾಗುವ ಹಾಗೆ ಬಗ್ಗಿಸಿದ. ಕಡ್ಡಿ ಸವೆಯದಂತೆ ತುದಿಗೆ ಉಳಿದ ಬೆಲ್ಟಿನ ಚರ್ಮ ಹೊಲಿದ. ಚರ್ಮಕ್ಕೆ ಸದ್ದು ಕಮ್ಮಿಯಾಯಿತು. ಹಿಂದಿನಿಂದ ಒಂದು ತಗಡಿನ ಡಬ್ಬಿ ಕಟ್ಟಿದ, ಸದ್ದು ಹೆಚ್ಚಾಯಿತು. ತನಗೇ ಸಮಾಧಾನವಾಗುವವರೆಗೆ ಬಗ್ಗಿಸಿದ, ಬಿಚ್ಚಿದ, ಕಟ್ಟಿದ. ಪೇಟೆಯವರೆಲ್ಲ ಸುತ್ತ ನೆರೆದು, ಇಲ್ಲ ಇನ್ನೂ ಸ್ವಲ್ಪ ದಪ್ಪ ಸದ್ದು, ಇಲ್ಲ ಇದು ಕೋಳಿ ಕೊಕ್ಕರಿಸಿದ ಹಾಗೆ ಆಯಿತು ಎಂದು ಸಲಹೆ ಕೊಟ್ಟರು. ಅಷ್ಟು ದಿನಗಳ ನಂತರ ಡಾಕ್ಟ್ರ ಮುಖದಲ್ಲಿ ಸಣ್ಣ ನಗು ಕಂಡೆ. ಸಾಲು ಅವತ್ತಿನ ಕೂಲಿ ತೆಗೆದುಕೊಳ್ಳಲಿಲ್ಲ.

ಮಡಂತ್ಯಾರು ದಾಟಿ ಗುರುವಾಯನಕೆರೆಯಾಗಿ ವೇಣೂರಿನ ರಸ್ತೆಗೆ ಬಂದೆವು. ಗಾಡಿ ಕಟಕಟ ಎನ್ನುತ್ತಿತ್ತು. ಹಳೆಯ ಸದ್ದೇ ಹೌದೋ ಅಲ್ಲವೋ ಎಂದು ಹೇಳಲಾಗದ ಒಂದು ಸದ್ದು. ಗದ್ದೆಗಳಲ್ಲಿದ್ದವರು ತಲೆಯೆತ್ತಿ ನೋಡಿದರು, ಮತ್ತೆ ಬಗ್ಗಿದರು. ಯಾರೂ ಕೂ ಎನ್ನಲಿಲ್ಲ. ಡಾಕ್ಟ್ರು ಗಾಡಿಯನ್ನು ನಿಧಾನ ಮಾಡುತ್ತ ಬಂದರು. ಊರಿನ ಕಿವಿಯಲ್ಲಿ ನಾವು ಸತ್ತೇ ಹೋದೆವೇನೋ ಎಂದು ನನಗೆ ಅನಿಸಿತು. ಪಾದೆಕಲ್ಲಿನ ಬಂಡೆ ಎದುರಿಗೆ ಕಂಡಿತು. ಸದ್ದು ಬಂಡೆಗೆ ಬಡಿದು ತಿರುಗಿ ಬಂತು. ಆಗ ಕೆಳಗಿನಿಂದ, ತೋಡಿನ ಕಡೆಯಿಂದ, ಒಂದು ಕೂ ಎದ್ದಿತು. ತೆಳ್ಳಗಿನ, ಹೆಂಗಸಿನ ದನಿ. ಒಮ್ಮೆ, ಮತ್ತೊಮ್ಮೆ. ಮೇಲಿನ ಗುಡ್ಡೆಯಿಂದ ಅದಕ್ಕೆ ಉತ್ತರ ಬಂತು.

ಸಂಕದ ಹತ್ತಿರ ಕಲ್ಯಾಣಿ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಮೇಲೊಂದು ಗೊರಬೆ. ಹೆತ್ತು ಹದಿನೈದು ದಿನ ಕಳೆದಿರಲಿಲ್ಲ. ಬಾಣಂತಿ ಹೀಗೆ ಮಳೆಗೆ ಬಂದು ನಿಲ್ಲುವುದೆಂದರೆ! ತೊಟ್ಟಿಲಿನಿಂದ ಇಳಿದು ಓಡಿ ಹೋಗಿ, ಏನಾಯಿತು, ಜ್ವರವಾ, ಮತ್ತೆ ರಕ್ತ ಹೋಯಿತಾ ಎಂದು ಅವಳ ಕೈ ಹಿಡಿದೆ.

"ನನಗೇನೂ ಇಲ್ಲ ನರ್ಸಮ್ಮ," ಎಂದಳು ಕಲ್ಯಾಣಿ. "ಮೇಲಿನ ಮನೆಯ ಐಸಮ್ಮನಿಗೆ ಬೆಳಿಗ್ಗಿನಿಂದ ನೋವು. ಅವರ ಮನೆಗೆ ರಸ್ತೆಯ ಸದ್ದು ಏನೂ ಕೇಳುವುದಿಲ್ಲ. ಈ ಸಲ ನಾನು ಕೇಳ್ತೇನೆ, ನೀವು ಹೆದರಬೇಡಿ ಅಂತ ಹೇಳಿದ್ದೆ."

ಬೆಳಿಗ್ಗಿನಿಂದ ಅವಳು ಅಲ್ಲಿಯೇ ಇದ್ದಳು. ಬಂದು ಹೋದ ಬಸ್ಸು, ಲಾರಿ, ಎತ್ತಿನ ಗಾಡಿ ಎಲ್ಲದಕ್ಕೂ ಎದ್ದು ನೋಡಿದ್ದಳಂತೆ. ಸದ್ದಿಲ್ಲದೆ ಬಂದರೂ ಕಣ್ಣಿಗೆ ಕಾಣಬೇಕಲ್ಲ ಎಂದು ರಸ್ತೆಯ ಅಂಚಿಗೇ ಬಂದು ನಿಂತದ್ದಂತೆ. ನಾ ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ದೇಯಕ್ಕ ಹಿಂದಿನಿಂದ ಬಂದು ಗೊಣಗಿದರು. ಅಷ್ಟರಲ್ಲಿ ಐಸಮ್ಮನನ್ನು ಅವಳ ಗಂಡ ಮತ್ತು ಮೈದುನ ಕುರ್ಚಿಯಲ್ಲಿ ಹೊತ್ತು ಇಳಿಸುತ್ತಿದ್ದರು. ಅವಳನ್ನು ತೊಟ್ಟಿಲಲ್ಲಿ ಕೂರಿಸಿದೆವು. ಅವಳ ಮಗು ಅಡ್ಡ ಇರಲಿಲ್ಲ, ಹತ್ತಿರದ ಮೂಡುಬಿದಿರೆಯ ಆಸ್ಪತ್ರೆ ಸಾಕೆಂದಾಯಿತು. ನಾನು ಸೀರೆಯನ್ನು ಎತ್ತಿ ಕಟ್ಟಿ ಡಾಕ್ಟ್ರ ಹಿಂದೆ ಹತ್ತಿ ಕೂತೆ. ಕಲ್ಯಾಣಿ ಅದನ್ನು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು. ನಕ್ಕದ್ದೋ ಅತ್ತದ್ದೋ ನನಗೆ ಕಾಣಲಿಲ್ಲ.

ಗಾಡಿ ಹೊರಟ ಮೇಲೆ ಹಿಂದಿನಿಂದ ಅವಳ ಕೂ ಮತ್ತೆ ಕೇಳಿತು. ಮುಂದಿನವರು ದಾರಿ ಬಿಡಲಿ ಎಂದು. ಅದು ಗುಡ್ಡೆಯಿಂದ ಗುಡ್ಡೆಗೆ ದಾಟಿ ನಮ್ಮನ್ನು ಹಿಂದೆ ಹಾಕಿ ಓಡಿತು. ವೇಣೂರಿನ ತಿರುವಿನಲ್ಲಿ ಬಸ್ಸಿನವನು ಬಸ್ಸನ್ನು ಬದಿಗೆ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೇಳಿದವರು ಉತ್ತರ ಕೊಡಬೇಕು. ನಾನೂ ತಿರುಗಿ ಕೂ ಎನ್ನಲು ಬಾಯಿ ತೆರೆದಿದ್ದೆ. ದನಿ ಬರಲೇ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಐಸಮ್ಮನ ಗಂಡುಮಗು ಮೂಡುಬಿದಿರೆಯಲ್ಲಿ ಜೋರಾಗಿ ಅತ್ತಿತು.

ವರ್ಷ ಮುಗಿದು ನಾನು ವೇಣೂರು ಬಿಟ್ಟೆ, ಮದುವೆಯಾಯಿತು, ಊರು ದೂರವಾಯಿತು. ಕಲ್ಯಾಣಿಗೆ ಮತ್ತೆ ಮಕ್ಕಳಾಗಲಿಲ್ಲ ಎಂದು ಡಾಕ್ಟ್ರು ಒಮ್ಮೆ ಸಿಕ್ಕಿದಾಗ ಹೇಳಿದರು. ಏರಿನಲ್ಲಿ ಅವರ ಗಾಡಿಗೆ ಮೊದಲ ಕೂ ಯಾವಾಗಲೂ ಅವಳದ್ದೇ ಎಂದೂ ಹೇಳಿದರು.

ಅವತ್ತು ಸಂಜೆ ಎದುರಿನ ಅಂಗಡಿಯ ಹುಡುಗ ಕೆಲಸ ಮುಗಿಸಿ ನನ್ನನ್ನು ಕರೆದ. "ಈಗ ಕೇಳಿ ಅಮ್ಮ," ಎಂದು ಗಾಡಿ ಸ್ಟಾರ್ಟ್ ಮಾಡಿದ. ಗುಂ ಎಂಬ ಸದ್ದು ಮಾತ್ರ. ಒಳ್ಳೆಯ ಕೆಲಸ ಮಗಾ ಎಂದೆ, ನಿಜವಾಗಿಯೂ ಒಳ್ಳೆಯ ಕೆಲಸವೇ. ಅವನು ಅದನ್ನು ಓಡಿಸಿಕೊಂಡು ವೇಣೂರಿನ ರಸ್ತೆಯ ಕಡೆಗೆ ತಿರುಗಿ ಕಾಣದಾದ. ನಾನು ಜಗಲಿಗೆ ಬಂದು, ಕಂಬ ಹಿಡಿದು ನಿಂತು, ಇದ್ದಷ್ಟು ಉಸಿರು ಎಳೆದು "ಕೂ" ಎಂದೆ.

ತಂಗಿ ಹೆದರಿ ಸೌಟು ಹಿಡಿದೇ ಹೊರಗೆ ಬಂದಳು. "ಯಾರನ್ನು ಕರೆದದ್ದು ಅಕ್ಕ?" ಎಂದಳು.

"ಕರೆದದ್ದಲ್ಲ," ಎಂದೆ. "ಕಲ್ಯಾಣಿ ಆವಾಗ ಕರೆದಿದ್ದಳು. ಉತ್ತರ ಕೊಟ್ಟೆ."